ಹತ್ತಿರದಿಂದ ಕಂಡ ಹೂವು

ಹೂವು ಎಂದೊಡನೆ ನಮ್ಮಲ್ಲಿ ಬಹುಮಂದಿಯ ಮನಸ್ಸಿಗೆ ಬರುವುವು ಸಂತೆಯಲ್ಲಿ ಮೊಳದ ಲೆಕ್ಕದಲ್ಲಿ ಮಾರುವ ಮಲ್ಲಿಗೆ, ಕನಕಾಂಬರ, ಸೇವಂತಿಗೆ. ಇಲ್ಲವೆ ಬೆಂಗಳೂರಿನ ಲಾಲ್‌ಬಾಗಿನಲ್ಲಿ ಜನವರಿ ಮತ್ತು ಆಗಸ್ಟ್ ತಿಂಗಳುಗಳಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನದ ದೊಡ್ಡ ದೊಡ್ಡ ಪುಷ್ಪಗಳು. ಹೊಲದ ಬದುವಿನಲ್ಲಿ, ಕೆರೆಯ ಏರಿಯ ಮೇಲೆ, ಶಾಲೆಗೆ ಹೋಗುವ ಕಾಲುದಾರಿಯ ಎರಡು ಪಕ್ಕಗಳಲ್ಲಿ ತಾವಾಗಿಯೇ ಅರಳಿ ತಾವಾಗಿಯೇ ಬಾಡುವುವನ್ನು ನಾವು ಹೂವಿನ ಲೆಕ್ಕಕ್ಕೆ ಸೇರಿಸುವುದಿಲ್ಲ. ಅವುಗಳಿಗೆ ನಾವು ಇಟ್ಟಿರುವ ಹೆಸರು ಕಳೆ. ಅವು ಬಹಳ ಸಣ್ಣವು. ಮೂಗಿಗೆ ಹಿಡಿದರೆ ಪರಿಮಳವಿಲ್ಲ, ಮುಡಿದರೆ ನಿಲ್ಲುವುದಿಲ್ಲ. ಆದುದರಿಂದ ಅವುಗಳ ಕಡೆಗೆ ಬಗ್ಗಿ ನೋಡುವ ಶ್ರಮವನ್ನು ಯಾರೂ ವಹಿಸುವುದಿಲ್ಲ.

ಇಂಥ ಹೂವುಗಳ ಸಮೀಪಕ್ಕೆ ಹೆಬ್ಬೆರಳಿನಷ್ಟು ದೂರದವರೆಗೆ ಹೋಗಿ ಛಾಯಾಚಿತ್ರವನ್ನು ತೆಗೆದರೆ ಏನು ಕಾಣುತ್ತದೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಲು ಯತ್ನಿಸುತ್ತೇವೆ. ಅಲ್ಲಿ ಕಾಣುವುದು ಬರಿಯ ಅಲಂಕಾರವಲ್ಲ; ಆ ಹೂವಿನ ಬಾಳುವೆ. ಒಂದೊಂದು ಗೆರೆಗೂ, ಒಂದೊಂದು ರೋಮಕ್ಕೂ, ಒಂದೊಂದು ಬಾಗಿಗೂ ಅಲ್ಲಿ ಕೆಲಸವುಂಟು. ಆ ಕೆಲಸವನ್ನು ಅರಿತವನಿಗೆ ಚೆಲುವು ಎರಡು ಪಟ್ಟಾಗಿ ಕಾಣುವುದೆಂದು ನಮ್ಮ ನಂಬಿಕೆ.

ಉದಾಹರಣೆಗಳಿಗಾಗಿ ನಾವು ದೂರ ಹೋಗಿಲ್ಲ. ಹೇಮಾವತಿಯ ಸುತ್ತಮುತ್ತಲಿನ ಹೊಲಗಳೇ ಸಾಕು. ಹೇಮಾವತಿ ಎಂದರೆ ಹಾಸನದ ಕಡೆಯ ನದಿಯಲ್ಲ. ಮಡಕಶಿರಾ ಸೀಮೆಯಲ್ಲಿ, ಅಮರಾಪುರ ಮಂಡಲದಲ್ಲಿರುವ ಗ್ರಾಮ. ಇದು ಬಹುಕಾಲ ಅನಂತಪುರ ಜಿಲ್ಲೆಯಲ್ಲಿದ್ದು, 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ರಾಯದುರ್ಗವು ಅನಂತಪುರ ಜಿಲ್ಲೆಯಲ್ಲಿಯೇ ಉಳಿಯಿತು. ಜಿಲ್ಲೆಯ ಗಡಿ ಹೇಗೆ ಬದಲಾದರೂ ಈ ಸೀಮೆಯಲ್ಲಿ ಮನೆಮಾತು ಕನ್ನಡವಾಗಿರುವ ಕುಟುಂಬಗಳು ಬಹಳ. ವರ್ಷಕ್ಕೆ ಸರಾಸರಿ 550 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಬೀಳುವ ಒಣನಾಡು ಇದು. ಇಂಥ ನೆಲದಲ್ಲಿ ಹೂವಿನ ಚೆಲುವನ್ನು ಹುಡುಕುವುದೇ ಎಂದು ಕೆಲವರು ನಗಬಹುದು. ಆದರೆ ನೀರು ಕಡಮೆಯಾದ ನಾಡಿನಲ್ಲಿ ಗಿಡವು ಹೂವಿಗಾಗಿ ಮಾಡುವ ವೆಚ್ಚವೆಲ್ಲ ಲೆಕ್ಕವಿಟ್ಟು ಮಾಡಿದ ವೆಚ್ಚ. ಅಲ್ಲಿ ವ್ಯರ್ಥವಾದುದು ತೀರ ಕಡಮೆ.

ಹೇಮಾವತಿಗೆ ಹಿಂದಿನ ಹೆಸರು ಹೆಂಜೇರು. ಒಂಬತ್ತು ಹತ್ತನೆಯ ಶತಮಾನಗಳಲ್ಲಿ ಇದು ನೊಳಂಬ ಅರಸರ ರಾಜಧಾನಿಯಾಗಿತ್ತು. ಸಿದ್ಧೇಶ್ವರನ ಗುಡಿಯಲ್ಲಿ ಶಿವನು ಲಿಂಗರೂಪದಲ್ಲಿಲ್ಲದೆ ಕುಳಿತ ಮೂರ್ತಿಯಾಗಿ ಪೂಜೆಗೊಳ್ಳುವುದನ್ನು ನಮ್ಮ ಓದುಗರಲ್ಲಿ ಅನೇಕರು ನೋಡಿರಬಹುದು. ಅಲ್ಲಿಯ ದೊಡ್ಡೇಶ್ವರನ ಗುಡಿಯ ಕಲ್ಲಿನ ಜಾಲಂಧ್ರಗಳನ್ನು ನೋಡಿದವರು ಅಷ್ಟು ಮಂದಿ ಇರಲಾರರು. ನೋಡಿದವರೂ ಬೆಳಕು ಬರುವ ಕಿಟಕಿಯೆಂದು ತಿಳಿದು ಮುಂದೆ ಹೋಗಿರುತ್ತಾರೆ. ಒಂದು ಗಳಿಗೆ ನಿಂತು ನೋಡಿದರೆ, ಬಳ್ಳಿಯು ಸುರುಳಿ ಸುತ್ತಿಕೊಂಡು ಹೋಗುವ ಬಗೆ, ಆ ಸುರುಳಿಗಳ ನಡುವೆ ಕೊರೆದ ಮೂರ್ತಿಗಳು ಒಂದೊಂದಾಗಿ ಕಣ್ಣಿಗೆ ಬರುತ್ತವೆ. ಜೀವವುಳ್ಳ ಬಳ್ಳಿಯು ಗೆಣ್ಣಿನಲ್ಲಿ ಹೇಗೆ ತಿರುಗುತ್ತದೆ ಎಂಬುದನ್ನು ಬಗ್ಗಿ ನೋಡದ ಮನುಷ್ಯನು ಕಲ್ಲಿನಲ್ಲಿ ಅದನ್ನು ಹಾಗೆ ತಿರುಗಿಸಲಾರನು. ಅಂಗೈಯಲ್ಲಿ ಅಡಗುವ ಎಲೆಯನ್ನು ಗೇಣುದ್ದಕ್ಕೆ ಹಿಗ್ಗಿಸಿ ದಾರಿಹೋಕನಿಗೂ ತೋರಿಸುವುದು ಶಿಲ್ಪಿಯ ಕೆಲಸವಾಗಿತ್ತು. ಛಾಯಾಗ್ರಾಹಕನು ಇಂದು ಮಸೂರದಿಂದ ಮಾಡುವುದೂ ಅದೇ.

ಈ ಎರಡು ಕೆಲಸಗಳ ನಂಟನ್ನು ಚೆನ್ನಾಗಿ ಅರಿತವನು ಜರ್ಮನಿಯ ಕಾರ್ಲ್ ಬ್ಲಾಸ್‌ಫೆಲ್ಟ್. ಇವನು 1865ರಲ್ಲಿ ಹುಟ್ಟಿ 1932ರಲ್ಲಿ ತೀರಿಕೊಂಡನು. ಬರ್ಲಿನ್ ನಗರದ ಕಲಾಶಾಲೆಯೊಂದರಲ್ಲಿ ಉಪಾಧ್ಯಾಯನಾಗಿದ್ದು, ಲೋಹದಲ್ಲಿಯೂ ಮಣ್ಣಿನಲ್ಲಿಯೂ ಕೆಲಸ ಮಾಡುವ ವಿದ್ಯಾರ್ಥಿಗಳಿಗೆ ಗಿಡಗಳನ್ನು ನೋಡಿ ರೂಪ ರಚಿಸುವುದನ್ನು ಮೂವತ್ತು ವರ್ಷಗಳಿಗೂ ಮಿಕ್ಕು ಕಲಿಸಿದನು. ಗಿಡ ಬಾಡುತ್ತದೆ, ಮೊಗ್ಗು ಒಣಗುತ್ತದೆ. ತರಗತಿಗೆ ಪ್ರತಿದಿನವೂ ಹೊಸದನ್ನು ತರುವುದೆಲ್ಲಿಂದ? ಆದಕಾರಣ ಅವನು ತನ್ನ ಕೈಯಿಂದಲೇ ಜೋಡಿಸಿಕೊಂಡ ಮರದ ಕ್ಯಾಮರಾದಲ್ಲಿ ಮೊಗ್ಗುಗಳನ್ನೂ ಕುಡಿಗಳನ್ನೂ ಬೀಜಕೋಶಗಳನ್ನೂ ಕೆಲವು ವೇಳೆ ಮೂವತ್ತು ಮಡಿ ಹಿಗ್ಗುವಂತೆ ಚಿತ್ರಿಸಿದನು. ಅವನು ಆರಿಸಿಕೊಂಡವು ತೋಟದ ಬೆಲೆಬಾಳುವ ಗಿಡಗಳಲ್ಲ. ರಸ್ತೆಯ ಬದಿಯಲ್ಲಿ, ರೈಲುದಾರಿಯ ದಿಣ್ಣೆಯಲ್ಲಿ ಬೆಳೆಯುವ ಕಳೆಗಳು. ಹಿಂದೆ ಒಂದು ಬಿಳಿಯ, ಬೂದುಬಣ್ಣದ ಇಲ್ಲವೆ ಕರಿಯ ರಟ್ಟು, ಅಷ್ಟೇ ಸಜ್ಜು. 1928ರಲ್ಲಿ ಆ ಚಿತ್ರಗಳು ಪುಸ್ತಕವಾಗಿ ಹೊರಬಂದಾಗ ಅವನಿಗೆ ಅರವತ್ತುಮೂರು ವರ್ಷ. ಅಲ್ಲಿಯವರೆಗೆ ಅವು ಹಲಗೆಯ ಪಕ್ಕದಲ್ಲಿ ತೂಗುಹಾಕುವ ಪಾಠೋಪಕರಣಗಳಾಗಿದ್ದುವು. ಪುಸ್ತಕ ಬಂದ ಮೇಲೆ ಲೋಕವು ಅವನ್ನು ಕಲೆಯೆಂದು ಕರೆಯಿತು.

ಇವನಿಗಿಂತ ಒಂದು ಶತಮಾನಕ್ಕೂ ಹಿಂದೆ ಮತ್ತೊಬ್ಬ ಜರ್ಮನ್ ಉಪಾಧ್ಯಾಯನಿದ್ದನು. ಸ್ಪಾಂಡೌ ಊರಿನ ಶಾಲೆಯ ಮುಖ್ಯೋಪಾಧ್ಯಾಯನಾಗಿದ್ದ ಕ್ರಿಸ್ಟಿಯಾನ್ ಕಾನ್ರಾಡ್ ಸ್ಪ್ರೆಂಗೆಲ್ ಎಂಬುವನು 1787ರ ಬೇಸಗೆಯಲ್ಲಿ ಒಂದು ಕಾಡುಹೂವನ್ನು ನೋಡುತ್ತಿರುವಾಗ, ಎಸಳುಗಳ ಬುಡದಲ್ಲಿ ಅತಿ ನವುರಾದ ರೋಮಗಳಿರುವುದನ್ನು ಗಮನಿಸಿದನು. ಸೃಷ್ಟಿಕರ್ತನು ಒಂದು ರೋಮವನ್ನಾದರೂ ನಿಷ್ಪ್ರಯೋಜಕವಾಗಿ ಮಾಡಿರಲಾರನೆಂಬುದು ಅವನ ಭಾವನೆ. ಹೂವಿನ ಮಕರಂದವು ಮಳೆಯ ನೀರಿನಿಂದ ಕೆಡದಂತೆ ಆ ರೋಮಗಳು ಕಾಯುತ್ತವೆ ಎಂದು ಊಹಿಸಿದನು. ಮಕರಂದವನ್ನು ಕಾಯುವುದು ಯಾರಿಗಾಗಿ? ಕೀಟಗಳಿಗಾಗಿ. ಕೀಟಗಳು ಬರುವುದರಿಂದ ಹೂವಿಗೆ ಲಾಭವೇನು? ಪರಾಗವು ಒಂದು ಹೂವಿನಿಂದ ಇನ್ನೊಂದಕ್ಕೆ ಸಾಗುತ್ತದೆ. ಹೀಗೆ ಒಂದು ರೋಮದಿಂದ ಹೊರಟು ಹೂವುಗಳ ಬಾಳುವೆಯ ಗುಟ್ಟನ್ನೇ ಬಿಡಿಸಿದ ಆತನ ಪುಸ್ತಕವು 1793ರಲ್ಲಿ ಅಚ್ಚಾಯಿತು. ಆಗ ಅದನ್ನು ಮೆಚ್ಚಿದವರು ವಿರಳ. ಹೂವಿನ ಧ್ಯಾನದಲ್ಲಿ ಶಾಲೆಯ ಕೆಲಸ ಹಿಂದೆ ಬಿತ್ತೆಂಬ ದೂರೂ ಇತ್ತು. ಮರುವರ್ಷ ಅವನ ಹುದ್ದೆ ಹೋಯಿತು. ಮುಂದೆ ಚಾರ್ಲ್ಸ್ ಡಾರ್ವಿನ್ ಆ ಪುಸ್ತಕವನ್ನು ಓದಿ ಮೆಚ್ಚಿದ ಮೇಲೆ ಅದಕ್ಕೆ ಮನ್ನಣೆ ದೊರೆಯಿತು. ಸ್ಪ್ರೆಂಗೆಲ್ಲನ ಕೈಯಲ್ಲಿ ಕ್ಯಾಮರಾ ಇರಲಿಲ್ಲ, ಅವನ ಕಾಲಕ್ಕೆ ಛಾಯಾಗ್ರಹಣವೇ ಹುಟ್ಟಿರಲಿಲ್ಲ. ಬಗ್ಗಿ ನೋಡುವ ಕಣ್ಣು ಇತ್ತು.

ನಮ್ಮ ಭಾಷೆಯಲ್ಲಿ ಈ ಕಣ್ಣನ್ನು ಕೊಟ್ಟ ಪುಸ್ತಕ ಬೇಕೆಂದರೆ ಸಸ್ಯವಿಜ್ಞಾನಿ ಬಿ. ಜಿ. ಎಲ್. ಸ್ವಾಮಿಯವರ 'ಹಸುರು ಹೊನ್ನು' ಇದೆ. ವಿದ್ಯಾರ್ಥಿಗಳನ್ನು ಕರೆದುಕೊಂಡು ಕಾಡುಮೇಡು ಸುತ್ತಿದ ಕಥನ ಅದು. ಗಿಡಗಳ ರೇಖಾಚಿತ್ರಗಳೂ ಅವರವೇ. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಶಾಲೆಯ ಗ್ರಂಥಭಂಡಾರದಲ್ಲಿ ಇದ್ದರೆ ಮಕ್ಕಳು ಕೇಳಿ ಪಡೆಯಲಿ.

ಇನ್ನು ಸಾಧನದ ಮಾತು. ಸಮೀಪ ಛಾಯಾಗ್ರಹಣಕ್ಕೆ ಬೆಲೆಯುಳ್ಳ ಕ್ಯಾಮರಾ ಬೇಕೇಬೇಕೆಂಬುದು ತಪ್ಪು ಕಲ್ಪನೆ. ದೃಶ್ಯದ ಅಳತೆಯೂ ಫಿಲ್ಮಿನ ಮೇಲೆ, ಈಗಿನ ಕ್ಯಾಮರಾಗಳಲ್ಲಾದರೆ ಬೆಳಕನ್ನು ಗ್ರಹಿಸುವ ಫಲಕದ ಮೇಲೆ, ಬೀಳುವ ಬಿಂಬದ ಅಳತೆಯೂ ಒಂದೇ ಆದಾಗ ಅದನ್ನು ಒಂದಕ್ಕೊಂದರ ಪ್ರಮಾಣವೆನ್ನುತ್ತಾರೆ. ಒಂದು ಸೆಂಟಿಮೀಟರ್ ಉದ್ದದ ಹೂವು 36 ಮಿಲಿಮೀಟರ್ ಅಗಲದ ಫಿಲ್ಮಿನ ಮೇಲೆ ಒಂದು ಸೆಂಟಿಮೀಟರಾಗಿಯೇ ಬಿದ್ದರೆ, ಆ ಚಿತ್ರವನ್ನು 36 ಸೆಂಟಿಮೀಟರ್ ಅಗಲಕ್ಕೆ ಹಿಗ್ಗಿಸಿದಾಗ ಹೂವು ಹತ್ತು ಸೆಂಟಿಮೀಟರಾಗಿ ಕಾಣುತ್ತದೆ. ಹಳೆಯ ಕ್ಯಾಮರಾ ಮನೆಯಲ್ಲಿದ್ದವರು ಮಸೂರದ ಹಿಂದೆ ಒಂದು ಟೊಳ್ಳು ಕೊಳವೆಯನ್ನು ಸೇರಿಸಿ ಮಸೂರವನ್ನು ಮುಂದಕ್ಕೆ ತಂದರೆ ಈ ಪ್ರಮಾಣ ದೊರೆಯುತ್ತದೆ; 50 ಮಿಲಿಮೀಟರ್ ನಾಭಿದೂರದ ಮಸೂರಕ್ಕೆ 50 ಮಿಲಿಮೀಟರ್ ಉದ್ದದ ಕೊಳವೆ ಬೇಕು. ಆದರೆ ಆಗ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಅದನ್ನು ತುಂಬಿಕೊಡಲು ನಾಲ್ಕು ಪಟ್ಟು ಹೆಚ್ಚು ಹೊತ್ತು ಬೆಳಕನ್ನು ಒಳಗೆ ಬಿಡಬೇಕು.

ಬಹುಮಂದಿಯ ಮನೆಯಲ್ಲಿ ಇರುವುದು ಮೊಬೈಲು. ಅದರ ಕಣ್ಣಿನ ಮುಂದೆ, ಗಡಿಯಾರ ರಿಪೇರಿಯವರು ಉಪಯೋಗಿಸುವಂಥ ಸಣ್ಣ ಭೂತಗನ್ನಡಿಯನ್ನು ಅಲುಗದಂತೆ ಹಿಡಿದರೆ ಸಾಕು, ಕೆಲಸ ನಡೆಯುತ್ತದೆ. ಹತ್ತು ಮಡಿ ಹಿಗ್ಗಿಸುವ ಭೂತಗನ್ನಡಿಯಾದರೆ ಹೂವಿನಿಂದ ಸುಮಾರು ಎರಡೂವರೆ ಸೆಂಟಿಮೀಟರ್ ದೂರಕ್ಕೆ ಅದನ್ನು ಒಯ್ಯಬೇಕು. ಕೆಲವು ಕ್ಯಾಮರಾಗಳಲ್ಲಿ ಸಮೀಪಚಿತ್ರಕ್ಕೆಂದೇ ಒಂದು ಸ್ಥಾನವಿರುತ್ತದೆ. ಅದನ್ನು ಸೂಚಿಸಲು ಒಂದು ಹೂವಿನ ಗುರುತನ್ನೇ ಹಾಕಿರುತ್ತಾರೆಂಬುದು ಸ್ವಾರಸ್ಯ.

ಇಲ್ಲಿ ಒಂದು ಕಷ್ಟವಿದೆ. ಸಮೀಪಕ್ಕೆ ಹೋದಷ್ಟೂ ಚಿತ್ರದಲ್ಲಿ ಸ್ಫುಟವಾಗಿ ಕಾಣುವ ಭಾಗವು ತೆಳುವಾಗುತ್ತ ಹೋಗುತ್ತದೆ. ಒಂದಕ್ಕೊಂದರ ಪ್ರಮಾಣದಲ್ಲಿ, ಕ್ಯಾಮರಾದ ರಂಧ್ರವನ್ನು 8ರ ಸಂಖ್ಯೆಗೆ ಇಟ್ಟರೆ, ಸ್ಫುಟವಾದ ಪದರದ ದಪ್ಪ ಒಂದು ಮಿಲಿಮೀಟರು ಮಾತ್ರ. ಅದರ ಮುಂದಿನದೂ ಹಿಂದಿನದೂ ಮಂಜಿನಲ್ಲಿ ಕರಗುತ್ತದೆ. ಆದುದರಿಂದ ಹೂವನ್ನೆಲ್ಲ ತೋರಿಸುತ್ತೇನೆಂದರೆ ಆಗುವುದಿಲ್ಲ. ಕೇಸರವೋ, ಎಸಳಿನ ಅಂಚೋ, ಒಳಗಿನ ಗೆರೆಯೋ, ಯಾವುದನ್ನು ತೋರಿಸಬೇಕೆಂದು ಮೊದಲು ನಿರ್ಧರಿಸಬೇಕು. ನಿರ್ಧರಿಸಬೇಕಾದರೆ ಹೂವಿನಲ್ಲಿ ಯಾವುದು ಏನು ಮಾಡುತ್ತದೆಂದು ತಿಳಿದಿರಬೇಕು. ಈ ವಿದ್ಯೆಯು ಶಾಲೆಗೆ ಯೋಗ್ಯವಾದುದೆಂದು ನಾವು ಹೇಳುವುದಕ್ಕೆ ಇದೇ ಕಾರಣ. ಸಸ್ಯಶಾಸ್ತ್ರವನ್ನು ಓದದೆ ಚಿತ್ರ ತೆಗೆಯಲಾಗದು. ಚಿತ್ರ ತೆಗೆಯುವ ಆಸೆಯಿಂದ ಓದಿದ ಸಸ್ಯಶಾಸ್ತ್ರ ಮರೆಯುವುದೂ ಇಲ್ಲ.

ಗಾಳಿ ಏಳುವ ಮುನ್ನ, ಸೂರ್ಯ ಹುಟ್ಟಿ ಒಂದು ಗಂಟೆಯೊಳಗೆ ಈ ಕೆಲಸ ಮಾಡಬೇಕು. ಒಂದು ಮಿಲಿಮೀಟರಿನ ಪದರದಲ್ಲಿ ನಿಂತಿರುವ ಹೂವು ಉಸಿರು ತಾಕಿದರೂ ಆಚೆಗೆ ಹೋಗುತ್ತದೆ. ನೆರಳಿನ ಪಕ್ಕಕ್ಕೆ ನೋಟುಪುಸ್ತಕದ ಬಿಳಿಯ ಹಾಳೆಯನ್ನು ಹಿಡಿದರೆ ಬೆಳಕು ಮರಳಿ ಬಿದ್ದು ಒಳಭಾಗ ಕಾಣುತ್ತದೆ. ಹೂವನ್ನು ಕೀಳಬಾರದು. ಕಿತ್ತ ಹೂವು ಎರಡು ನಿಮಿಷದಲ್ಲಿ ಸೊರಗಲು ತೊಡಗುತ್ತದೆ. ಅಲ್ಲದೆ ಕಿತ್ತ ಹೂವಿಗೆ ದುಂಬಿ ಬರುವುದಿಲ್ಲ.

ಮೊದಲು ತುಂಬೆಯನ್ನು ನೋಡೋಣ. ಶಿವನಿಗೆ ಪ್ರಿಯವೆಂದು ಪೂಜೆಗೆ ಒಯ್ಯುವ ಈ ಬಿಳಿಯ ಹೂವನ್ನು ಕಾಣದ ಮಕ್ಕಳಿಲ್ಲ. ಬುಡವನ್ನು ಚೀಪಿ ಸಿಹಿಯನ್ನು ಸವಿಯದ ಮಕ್ಕಳೂ ಕಡಮೆ. ಆ ಸಿಹಿ ಅಲ್ಲಿ ಏಕಿದೆ? ಸಮೀಪದ ಚಿತ್ರದಲ್ಲಿ ತುಂಬೆಯ ಹೂವು ಬಾಯಿ ತೆರೆದಂತೆ ಕಾಣುತ್ತದೆ. ಮೇಲ್ದುಟಿ ಸಣ್ಣದು, ಟೊಪ್ಪಿಗೆಯಂತೆ ಬಾಗಿದ್ದು, ಮೈಮೇಲೆ ಬಿಳಿಯ ಉಣ್ಣೆಯಂಥ ರೋಮಗಳಿವೆ. ಕೆಳದುಟಿ ಅಗಲ, ಮೂರು ಸೀಳಾಗಿ ಮುಂದಕ್ಕೆ ಚಾಚಿದೆ, ನಡುವಿನ ಸೀಳು ಎಲ್ಲಕ್ಕಿಂತ ದೊಡ್ಡದು. ಆ ಟೊಪ್ಪಿಗೆಯ ಅಡಿಯಲ್ಲಿ ಎರಡು ಉದ್ದ, ಎರಡು ಗಿಡ್ಡ, ಹೀಗೆ ನಾಲ್ಕು ಕೇಸರಗಳು ಅಡಗಿವೆ. ಜೇನುನೊಣವು ಕೆಳದುಟಿಯ ಜಗಲಿಯ ಮೇಲೆ ಇಳಿದು, ಬುಡದ ಮಕರಂದಕ್ಕಾಗಿ ತಲೆಯನ್ನು ಒಳಕ್ಕೆ ನೂಕಿದಾಗ, ಮೇಲಿನ ಕೇಸರಗಳು ಅದರ ಬೆನ್ನಿಗೆ ಪರಾಗವನ್ನು ಸವರುತ್ತವೆ. ಮುಂದಿನ ಹೂವಿಗೆ ಹೋದಾಗ ಆ ಪರಾಗವು ಅಲ್ಲಿಯ ಶಲಾಕಾಗ್ರಕ್ಕೆ ತಗಲುತ್ತದೆ. ಜಗಲಿ, ಬಾಗಿಲು, ಮೇಲ್ಛಾವಣಿ ಎಲ್ಲ ಇರುವ ಮನೆ ಇದು. ಉದ್ದ ಒಂದು ಸೆಂಟಿಮೀಟರಿನ ಆಸುಪಾಸು.

ಎಕ್ಕದ ಹೂವಿನ ರಚನೆಯು ಇದಕ್ಕಿಂತ ವಿಚಿತ್ರವಾದುದು. ಇದನ್ನು ಚಿತ್ರಿಸುವ ಮೊದಲು ಮಕ್ಕಳಿಗೂ ತಂದೆತಾಯಿಗಳಿಗೂ ಒಂದು ಎಚ್ಚರಿಕೆ ಹೇಳಬೇಕು: ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಬಹಳ ಅಪಾಯ. ಎಲೆಯನ್ನಾಗಲಿ ಹೂವನ್ನಾಗಲಿ ಮುರಿಯದೆ, ಮುಟ್ಟದೆ ನೋಡಬೇಕು. ಐದು ಎಸಳುಗಳ ನಡುವೆ ಚಿಕ್ಕ ಕಿರೀಟದಂತೆ ಎದ್ದು ನಿಂತ ಭಾಗವೇ ಇದರ ವಿಶೇಷ. ಕೇಸರಗಳೂ ಶಲಾಕಾಗ್ರವೂ ಒಂದಕ್ಕೊಂದು ಬೆಸೆದು ಐದು ಮೂಲೆಯ ಪೀಠವಾಗಿದೆ. ಅದರ ಸುತ್ತ ಸುರುಳಿ ತುದಿಯ ಐದು ಕೊಂಬುಗಳು. ಬೇರೆ ಹೂವುಗಳಂತೆ ಇಲ್ಲಿ ಪರಾಗವು ಪುಡಿಯಾಗಿ ಉದುರುವುದಿಲ್ಲ. ಮೇಣದಂಥ ಸಣ್ಣ ಚೀಲಗಳಲ್ಲಿ ಅದು ಮುದ್ದೆಯಾಗಿದ್ದು, ಎರಡೆರಡು ಚೀಲಗಳು ಒಂದು ಕಪ್ಪು ಚಿಮಟಿಗೆಯಿಂದ ಜೋಡಿಯಾಗಿವೆ. ಪೀಠದ ಪಕ್ಕಗಳಲ್ಲಿ ಐದು ಸಣ್ಣ ಸೀಳುಗಳುಂಟು. ಮರ ಕೊರೆಯುವ ದೊಡ್ಡ ಕಪ್ಪು ದುಂಬಿ ಬಂದು ಕುಳಿತಾಗ ಅದರ ಕಾಲು ಈ ಸೀಳಿನಲ್ಲಿ ಜಾರುತ್ತದೆ. ಎಳೆದುಕೊಂಡಾಗ ಚಿಮಟಿಗೆಯು ಕಾಲನ್ನು ಕಚ್ಚಿ ಜೋಡಿ ಚೀಲಗಳೊಡನೆ ಹೊರಬರುತ್ತದೆ. ದುಂಬಿಯು ಮೂಟೆ ಹೊತ್ತ ಹಮಾಲನಂತೆ ಇನ್ನೊಂದು ಹೂವಿಗೆ ಹಾರುತ್ತದೆ. ತಾಳ್ಮೆಯಿಂದ ಕಾದವನಿಗೆ ಕಾಲಿಗೆ ಹಳದಿ ಚೀಲ ಅಂಟಿಕೊಂಡ ದುಂಬಿಯ ಚಿತ್ರವೇ ದೊರೆಯಬಹುದು.

ತಂಗಡಿಯ ಹೂವನ್ನು ಕೆಲವರು ಆವರಿಕೆಯೆಂದೂ ಕರೆಯುತ್ತಾರೆ. ಇದರ ತೊಗಟೆಯನ್ನು ಚರ್ಮ ಹದಮಾಡಲು ಉಪಯೋಗಿಸುತ್ತಿದ್ದುದು ಹಿರಿಯರಿಗೆ ಗೊತ್ತು. ಬಂಗಾರದ ಬಣ್ಣದ ಈ ಹೂವಿನಲ್ಲಿ ಮಕರಂದವಿಲ್ಲ. ಪರಾಗವೇ ದುಂಬಿಗೆ ಕೊಡುವ ಕೂಲಿ. ಸಮೀಪದಿಂದ ನೋಡಿದರೆ ಹತ್ತು ಕೇಸರಗಳೂ ಒಂದೇ ಅಳತೆಯಲ್ಲಿಲ್ಲವೆಂಬುದು ಕಾಣುತ್ತದೆ: ಮೇಲಿನವು ಬರಡು, ಕೆಳಗಿನವು ಉದ್ದವಾಗಿ ಬಾಗಿವೆ. ಪರಾಗಕೋಶವು ಉದ್ದಕ್ಕೆ ಸೀಳದೆ, ಉಪ್ಪಿನ ಕುಡಿಕೆಯ ಮುಚ್ಚಳದಂತೆ ತುದಿಯಲ್ಲಿ ಸಣ್ಣ ರಂಧ್ರವನ್ನು ಮಾತ್ರ ಬಿಡುತ್ತದೆ. ದುಂಬಿಯು ಅದನ್ನು ತಬ್ಬಿ, ರೆಕ್ಕೆಯ ಸ್ನಾಯುಗಳನ್ನು ಅದುರಿಸಿ ಝೇಂಕರಿಸಿದರೆ ಪರಾಗ ಉದುರುತ್ತದೆ. ಹೀಗೆ ಅದುರಿಸಲು ಸಾಮಾನ್ಯ ಜೇನುನೊಣಕ್ಕೆ ಬಾರದು.

ಗಾಯಕ್ಕೆ ಮಕ್ಕಳು ರಸ ಹಿಂಡುವ, ಟ್ರೈಡ್ಯಾಕ್ಸ್ ಎಂದು ಶಾಸ್ತ್ರದಲ್ಲಿ ಹೆಸರಿರುವ ಕಳೆಯು ಅಮೆರಿಕ ಖಂಡದಿಂದ ಬಂದ ಅತಿಥಿ. ಉದ್ದ ತೊಟ್ಟಿನ ತುದಿಯಲ್ಲಿ ನಾವು ಒಂದು ಹೂವೆಂದು ತಿಳಿದಿರುವುದು ಹಲವು ಹೂವುಗಳ ಸಂಸಾರ. ನಡುವಿನ ಒಂದೊಂದು ಹಳದಿ ಚುಕ್ಕೆಯೂ ಐದು ತುದಿಯ ಪೂರ್ಣ ಹೂವು, ಅಂಚಿನ ಬಿಳಿಯ ಎಸಳೆಂಬುದೂ ಮೂರು ಹಲ್ಲಿನ ಬೇರೊಂದು ಹೂವು. ಸೂರ್ಯಕಾಂತಿಯದೂ ಇದೇ ವಂಶ. ಅದರ ನಡುವಿನ ಹೂಗಳು ಎಡಕ್ಕೂ ಬಲಕ್ಕೂ ಸುರುಳಿಗಳಾಗಿ ಜೋಡಿಸಿಕೊಂಡಿರುವುದನ್ನು ಚಿತ್ರದ ಮೇಲೆ ಸೀಸದಕಡ್ಡಿಯಿಂದ ಗುರುತಿಸಿ ಎಣಿಸಿದರೆ ಅನೇಕ ವೇಳೆ ಒಂದು ಕಡೆಗೆ 34, ಇನ್ನೊಂದು ಕಡೆಗೆ 55 ಬರುತ್ತವೆ. ಗಣಿತದ ಉಪಾಧ್ಯಾಯರು ಈ ಸಂಖ್ಯೆಗಳ ಕಥೆಯನ್ನು ಹೇಳಬಲ್ಲರು. ಇನ್ನು ಹುಣಿಸೆ. ಹಿಂದೂಪುರದ ಮಾರುಕಟ್ಟೆಗೆ ಹುಣಿಸೆಹಣ್ಣಿನ ಮೂಟೆಗಳನ್ನು ಸಾಗಿಸುವ ಈ ಸೀಮೆಯಲ್ಲಿ ಹುಣಿಸೆಯ ಹೂವನ್ನು ನೋಡಿದವರೆಷ್ಟು ಮಂದಿ? ಕೆನೆಹಳದಿಯ ಎಸಳುಗಳ ಮೇಲೆ ಕುಂಕುಮದ ಎಳೆಗಳನ್ನು ಬರೆದಂತಿರುವ ಆ ಹೂವು ನೆಲಕ್ಕೆ ಉದುರಿದ ಮೇಲೆ ಕಾಲಡಿಯ ಕಸವಾಗುತ್ತದೆ. ಅದರಲ್ಲಿ ಕಣ್ಣಿಗೆ ಕಾಣುವ ಎಸಳು ಮೂರೇ. ಇನ್ನೆರಡು ನೂಲಿನಂತೆ ಕುಗ್ಗಿ ಬುಡದಲ್ಲಿ ಅಡಗಿವೆ. ಭೂತಗನ್ನಡಿಯಿಲ್ಲದೆ ಅವು ಸಿಕ್ಕುವುದಿಲ್ಲ.

ಇಷ್ಟೆಲ್ಲ ಓದಿದ ತಂದೆಯೊಬ್ಬರು, ಚಿತ್ರದಿಂದ ಹೊಟ್ಟೆ ತುಂಬುತ್ತದೆಯೇ ಎಂದು ಕೇಳಿದರೆ ಆ ಪ್ರಶ್ನೆಯನ್ನು ನಾವು ತಳ್ಳಿಹಾಕುವಂತಿಲ್ಲ. ಅದಕ್ಕಾಗಿಯೇ ಕಡಲೇಕಾಯಿಯ ಹೂವನ್ನು ಕೊನೆಗೆ ಉಳಿಸಿಕೊಂಡಿದ್ದೇವೆ.

ಅನಂತಪುರದ ಸೀಮೆಯು ಬಹುಕಾಲದಿಂದ ಭಾರತದಲ್ಲಿ ಕಡಲೇಕಾಯಿಗೆ ಹೆಸರಾದುದು. ಮಳೆ ನಂಬಿದ ಹೊಲಗಳಲ್ಲಿ ಜೂನ್ ಜುಲೈ ತಿಂಗಳುಗಳಲ್ಲಿ ಬಿತ್ತಿ, ಆ ಬೆಳೆಯ ಮೇಲೆ ಮದುವೆ, ಸಾಲ, ಮಕ್ಕಳ ಶಾಲೆಯ ಖರ್ಚು ಎಲ್ಲವನ್ನೂ ನಿಲ್ಲಿಸಿಕೊಂಡ ಮನೆಗಳು ಇಲ್ಲಿ ಅನೇಕ. ಆ ಮನೆಗಳ ಮಕ್ಕಳೇ ಕಡಲೇಕಾಯಿಯ ಹೂವನ್ನು ನೋಡಿಲ್ಲವೆಂದರೆ ಆಶ್ಚರ್ಯಪಡಬೇಕಾಗಿಲ್ಲ. ಅದು ಗಿಡದ ಬುಡದ ಹತ್ತಿರ ಎಲೆಗಳ ಮರೆಯಲ್ಲಿ ಅರಳುತ್ತದೆ. ಸೂರ್ಯೋದಯದ ಸುಮಾರಿಗೆ ಅರಳಿ, ಅದೇ ದಿನ ಬಾಡುತ್ತದೆ. ಮಕ್ಕಳು ಶಾಲೆ ಮುಗಿಸಿ ಸಂಜೆ ಹೊಲಕ್ಕೆ ಬರುವ ಹೊತ್ತಿಗೆ ಅಲ್ಲಿ ಏನೂ ಇರುವುದಿಲ್ಲ.

ಬಿತ್ತಿ ಇಪ್ಪತ್ತೈದು ಮೂವತ್ತು ದಿನಗಳಾದ ಮೇಲೆ ಒಂದು ಮುಂಜಾನೆ ಸಾಲುಗಳ ನಡುವೆ ಹೊಟ್ಟೆಯ ಮೇಲೆ ಮಲಗಿ ನೋಡಬೇಕು. ಹಳದಿ ಕಿತ್ತಳೆ ಬಣ್ಣದ, ಚಿಟ್ಟೆಯ ಆಕಾರದ ಹೂವು ಕಾಣುತ್ತದೆ. ಹಿಂದಿನ ದೊಡ್ಡ ಎಸಳು ಧ್ವಜದಂತೆ ನಿಂತಿದ್ದು, ಅದರ ಮೇಲೆ ಕೆಂಪು ಗೆರೆಗಳು ನಡುವಿನಿಂದ ಹೊರಕ್ಕೆ ಹರಡಿವೆ. ಎರಡು ಪಕ್ಕಗಳಲ್ಲಿ ರೆಕ್ಕೆಯಂಥ ಎಸಳುಗಳು. ಅವುಗಳ ಒಳಗೆ ದೋಣಿಯಂತೆ ಮುಚ್ಚಿಕೊಂಡ ಭಾಗದಲ್ಲಿ ಕೇಸರಗಳೂ ಶಲಾಕೆಯೂ ಇವೆ. ಗೆರೆ, ಧ್ವಜ, ರೆಕ್ಕೆ ಇವೆಲ್ಲ ಕೀಟವನ್ನು ಕರೆಯುವ ಅಲಂಕಾರಗಳೇ ಸರಿ. ಆದರೂ ಈ ಹೂವು ಬಹುಮಟ್ಟಿಗೆ ಕೀಟವನ್ನು ಕಾಯುವುದಿಲ್ಲ. ಮುಚ್ಚಿದ ದೋಣಿಯೊಳಗೆ ತನ್ನ ಪರಾಗವನ್ನು ತಾನೇ ಸ್ವೀಕರಿಸಿ ಬೆಳಗಾಗುವ ವೇಳೆಗೆ ಕೆಲಸ ಮುಗಿಸಿಕೊಂಡಿರುತ್ತದೆ. ಎಂದೋ ಅತಿಥಿಗಳನ್ನು ಕಾಯುತ್ತಿದ್ದ ಕಾಲದ ಉಡುಗೆಯನ್ನು ಅದು ಇನ್ನೂ ಕಳಚಿಲ್ಲವೆನ್ನಬಹುದು.

ಹೂವಿನ ಕೆಳಗೆ ತೊಟ್ಟಿನಂತೆ ಕಾಣುವುದು ತೊಟ್ಟಲ್ಲ, ಟೊಳ್ಳು ಕೊಳವೆ. ಅಂಡಾಶಯವು ಆ ಕೊಳವೆಯ ಬುಡದಲ್ಲಿ, ಎಲೆಯ ಕಂಕುಳಲ್ಲಿ ಅಡಗಿದೆ. ಹೂವು ಬಾಡಿ ಸುಮಾರು ಒಂದು ವಾರದಲ್ಲಿ ಆ ಸ್ಥಳದಿಂದ ಸೂಜಿಯಂಥ ಮೊನೆಯೊಂದು ಹೊರಟು, ಬೆಳಕಿಗೆ ಬೆನ್ನು ತಿರುಗಿಸಿ ನೆಲದ ಕಡೆಗೆ ಬೆಳೆಯುತ್ತದೆ. ಅಂಡಾಶಯ ಇರುವುದು ಅದರ ತುದಿಯಲ್ಲಿ. ಮೊನೆಯು ಮಣ್ಣಿನೊಳಗೆ ಕೆಲವು ಸೆಂಟಿಮೀಟರ್ ಇಳಿದು ಅಡ್ಡ ತಿರುಗಿ, ಕತ್ತಲೆಯಲ್ಲಿ ಕಾಯಾಗಿ ಉಬ್ಬುತ್ತದೆ. ಬೆಳಕಿನಲ್ಲಿಯೇ ಉಳಿದರೆ ಕಾಯಾಗುವುದಿಲ್ಲ. ನೆಲದಿಂದ ಗೇಣಷ್ಟು ಮೇಲೆ ಅರಳಿದ ಹೂವಿನ ಮೊನೆಗಳು ಬಹುಪಾಲು ಮಣ್ಣನ್ನು ಮುಟ್ಟದೆಯೇ ಒಣಗುತ್ತವೆ. ಮಳೆ ಕೈಕೊಟ್ಟು ಮಣ್ಣಿನ ಮೇಲ್ಪದರ ಗಟ್ಟಿಯಾದರೆ ಬುಡದ ಮೊನೆಗಳಿಗೂ ದಾರಿಯಿಲ್ಲ. ಹೂವು ನೂರಾರು ಬಿಟ್ಟ ಗಿಡದಲ್ಲಿ ಕಾಯಿ ಹತ್ತಿಪ್ಪತ್ತು ಮಾತ್ರ ಸಿಕ್ಕುವುದರ ಒಂದು ಕಾರಣ ಇಲ್ಲಿದೆ. ಆಗಸ್ಟ್ ತಿಂಗಳಲ್ಲಿ ಮನೆಯ ಹಿರಿಯರು ಆಕಾಶವನ್ನು ನೋಡುತ್ತ ಮಾತು ಕಡಮೆ ಮಾಡುವುದೇಕೆಂದು ಅರಿಯದ ಮಗುವಿಗೆ, ಮಣ್ಣಿಗೆ ಅರ್ಧ ಅಂಗುಲ ಮೇಲೆ ನಿಂತುಬಿಟ್ಟ ಒಂದು ಮೊನೆಯ ಚಿತ್ರ ಅದನ್ನು ತಿಳಿಸಬಲ್ಲುದು.

ಇದೇ ಚಿತ್ರವು ಹೊಲದ ಎರಡು ಪದ್ಧತಿಗಳಿಗೂ ಅರ್ಥ ಕೊಡುತ್ತದೆ. ಬಿತ್ತಿ ನಲವತ್ತೈದು ದಿನಗಳಾದ ಮೇಲೆ ಎಡೆಕುಂಟೆ ಹೊಡೆಯಬಾರದೆನ್ನುತ್ತಾರೆ. ಇಳಿಯುತ್ತಿರುವ ಮೊನೆಗಳು ಕಡಿದುಹೋಗುತ್ತವೆ. ಹೂವಿನ ಕಾಲದಲ್ಲಿ ಗಿಡದ ಬುಡಕ್ಕೆ ಜಿಪ್ಸಂ ಹಾಕುತ್ತಾರೆ. ಏಕೆಂದರೆ ಕಾಳು ತುಂಬಲು ಬೇಕಾದ ಸುಣ್ಣದ ಅಂಶವನ್ನು ಬೆಳೆಯುವ ಕಾಯಿಯು ಬೇರಿನಿಂದ ಪಡೆಯದೆ ತನ್ನ ಸುತ್ತಣ ಮಣ್ಣಿನಿಂದ ನೇರವಾಗಿ ಹೀರಿಕೊಳ್ಳುತ್ತದೆ.

ಮುಂಗಾರಿನ ಬೆಳೆಯಲ್ಲಿ ಈ ಪಾಠವನ್ನು ಯಾವ ವಿದ್ಯಾರ್ಥಿಯೂ ಮಾಡಿಕೊಳ್ಳಬಹುದು. ಒಂದು ಗಿಡವನ್ನು ಆರಿಸಿ, ಬುಡದ ಹತ್ತಿರ ಅಂದು ಅರಳಿದ ಒಂದು ಹೂವಿನ ಗೆಣ್ಣಿಗೆ ಬಣ್ಣದ ದಾರವನ್ನು ಸಡಿಲವಾಗಿ ಕಟ್ಟಬೇಕು. ಪಕ್ಕದಲ್ಲಿ ಮಿಲಿಮೀಟರಿನ ಅಳತೆಪಟ್ಟಿಯನ್ನು ಇಟ್ಟು ಅರಳಿದ ದಿನ ಮುಂಜಾನೆ ಒಂದು ಚಿತ್ರ, ಅದೇ ಸಂಜೆ ಬಾಡಿದ ಮೇಲೆ ಒಂದು, ಏಳನೆಯ ದಿನ ಮೊನೆ ಹೊರಟಾಗ ಒಂದು, ಅದು ಮಣ್ಣನ್ನು ಮುಟ್ಟಿದ ದಿನ ಒಂದು. ಆಮೇಲೆ ಕ್ಯಾಮರಾಕ್ಕೆ ಅಲ್ಲಿ ಕೆಲಸವಿಲ್ಲ. ಗಿಡ ಕೀಳುವ ತನಕ ಕಾಯಬೇಕು. ಕಿತ್ತ ದಿನ ದಾರ ಕಟ್ಟಿದ ಗೆಣ್ಣಿನಿಂದ ಕಾಯಿ ತೂಗಿದೆಯೋ ಇಲ್ಲವೋ ನೋಡಿ ಐದನೆಯ ಚಿತ್ರವನ್ನು ತೆಗೆಯಬೇಕು. ಕಾಯಿ ಇಲ್ಲದಿದ್ದರೂ ತೆಗೆಯಬೇಕು. ಒಂದೊಂದು ಚಿತ್ರದ ಕೆಳಗೆ ದಿನಾಂಕ, ವೇಳೆ, ಹೊಲದ ಹೆಸರು, ಅದಕ್ಕೆ ಮೊದಲು ಕಡೆಯ ಮಳೆ ಬಿದ್ದ ದಿನ, ಇಷ್ಟನ್ನು ಬರೆದಿಡಬೇಕು. ಕಡೆಯ ಮಳೆಯ ದಿನವನ್ನು ಮನೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.